ಗೇಟ್‌ಮನ್ ರಾಮಾಂಜಿನಪ್ಪನವರನ್ನು ಅಳಿಸಿದ ಕ್ಯಾಮೆರಾದವರಿಗೆ

ಮಾನ್ಯರೇ,

ನನ್ನ ಅಂಗಿಯ ಜೇಬಿನಲ್ಲಿ ವಾಸವಾಗಿರುವ, ಬೆನ್ನಿನಲ್ಲಿ ಮೂರು ಕಣ್ಣುಗಳುಳ್ಳ, ಬುದ್ಧಿವಂತರೆಂದು ತಾವು ಬಂದ ಡಬ್ಬಿಯ ಮೇಲೆಯೇ ಅಚ್ಚು ಹಾಕಿಸಿಕೊಂಡಿರುವ ಮೊಬೈಲ್ ಕ್ಯಾಮೆರಾದವರಾದ ತಮಗೆ ಹೊಸ ತಿಪ್ಪಸಂದ್ರದ ಮೂರನೇ ಮಹಡಿಯಿಂದ ಕಲೀಮುಲ್ಲಾ ಮಾಡುವ ಸಲಾಮುಗಳು. ತಮ್ಮ ಬ್ಯಾಟರಿ ಸದಾ ತುಂಬಿರಲಿ, ಗಾಜಿಗೆ ಗೀರು ಬೀಳದಿರಲಿ. ತಮ್ಮ ಕಂಪನಿಯ ದೂರವಾಣಿಯಲ್ಲಿ ಮೂರು ಬಾರಿ ಸಂಗೀತವನ್ನಷ್ಟೇ ಕೇಳಿ ತೃಪ್ತನಾದ ಮೇಲೆ, ತಮಗೇ ನೇರವಾಗಿ, ನಾಲ್ಕು ಜನರ ಎದುರಿಗೆ ಬರೆಯುವುದು ಲೇಸೆಂದು ತೋರಿತು.

ಶಿವಾಜಿನಗರದಲ್ಲಿ ಮೂವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿ, ಅಂಗಡಿ ಮುಚ್ಚಿದ ಮೇಲೆ ಕೈ ಸುಮ್ಮನಿರದೆ, ನಾನು ಮನೆಯ ಒಂದು ಕೋಣೆಯಲ್ಲಿ ಎಂಟಡಿ ಉದ್ದದ ಪ್ಲೈವುಡ್ ಹಲಗೆಯ ಮೇಲೆ ಕಗ್ಗದಾಸಪುರದ ರೈಲ್ವೆ ಗೇಟನ್ನು ಕಟ್ಟಿದ್ದು ತಮಗೆ ತಿಳಿದೇ ಇದೆ. ಹಳಿಯ ಕೆಳಗೆ ಜರಡಿ ಹಿಡಿದ ಜಲ್ಲಿಪುಡಿ, ಮಣ್ಣಿಗೆ ಒಣಗಿಸಿದ ಚಹಾ ಚರಟ, ಮರಗಳಿಗೆ ಒಣ ಹೀರೇಕಾಯಿಯ ನಾರು. ಗೇಟಿನ ಪಕ್ಕದಲ್ಲಿ ಎರಡು ಸೆಂಟಿಮೀಟರ್ ಎತ್ತರದ ಒಬ್ಬ ಮನುಷ್ಯ, ಕೈಯಲ್ಲಿ ಹಸಿರು ಬಾವುಟ. ಅವರೇ ರಾಮಾಂಜಿನಪ್ಪನವರು. ಆ ಗೇಟಿನಲ್ಲಿ ಇಪ್ಪತ್ತೆರಡು ವರ್ಷ ಗೇಟ್‌ಮನ್ ಆಗಿದ್ದವರು. ಆಗ ಗೇಟಿನಾಚೆ ಮನೆ ಮಾಡಿದ್ದ ನಾನು ದಿನಾ ಸ್ಕೂಟರ್ ಆಫ್ ಮಾಡಿಕೊಂಡು ನಿಂತಲ್ಲೇ ಅವರ ಸ್ನೇಹಿತನಾದೆ. ಅಷ್ಟು ವರ್ಷಗಳಲ್ಲಿ ಕೆಲಸದ ಮೇಲಿದ್ದ ಅವರ ಫೋಟೋವನ್ನು ಯಾರೂ ತೆಗೆದಿಲ್ಲ. "ಎಲ್ಲ ರೈಲು ನೋಡ್ತಿದ್ರು, ಇಲ್ಲಾಂದ್ರೆ ವಾಚ್ ನೋಡ್ಕೊಂಡು ನನ್ನ ಬೈತಿದ್ರು. ನನ್ನನ್ಯಾರು ನೋಡ್ತಾರೆ ಭಾಯ್?" ಎನ್ನುತ್ತಿದ್ದರು. ಈಗ ಅವರ ಮೊಮ್ಮಗಳು ರಮ್ಯಶ್ರೀ, ತಾತ ಏನು ಕೆಲಸ ಮಾಡುತ್ತಿದ್ದರೆಂದು ಕೇಳುತ್ತಾಳಂತೆ. ತೋರಿಸಲು ಒಂದು ಚಿತ್ರ ಬೇಕು. ಅವರ ಮಂಡಿ ಮುರಿದಿದೆ, ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ನನ್ನ ಮಗಳು ಅಂಬ್ರೀನ್ ಹೆರಿಗೆಗೆ ಬರುವವಳಿದ್ದು, ಸೋಮವಾರದೊಳಗೆ ಆ ಕೋಣೆ ಖಾಲಿಯಾಗಬೇಕಿತ್ತು. ಹೀಗಾಗಿ ಉಳಿಯುವುದು ಫೋಟೋ ಒಂದೇ ಎಂದುಕೊಂಡು, ಆ ಮಹತ್ಕಾರ್ಯವನ್ನು ತಮಗೆ ವಹಿಸಿದೆ.

ಗೇಟ್‌ಮನ್ನರ ಕಣ್ಣಿನ ಎತ್ತರಕ್ಕೆ ತಮ್ಮ ಕಣ್ಣು ಬರಲೆಂದು ತಮ್ಮನ್ನು ತಲೆಕೆಳಗಾಗಿ ಎರಡು ಬೆಂಕಿಪೊಟ್ಟಣಗಳ ನಡುವೆ ನಿಲ್ಲಿಸಿದ್ದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ಆ ಭಂಗಿಯಲ್ಲಿಯೂ ತಾವು ತೋರಿದ ಕಾರ್ಯದಕ್ಷತೆ ಅಸಾಧಾರಣವಾದದ್ದು. ಹಳಿಗಳನ್ನು ಕಂಡೊಡನೆ ಪರದೆಯ ಮೇಲೆ 'ಆಹಾರ' ಎಂದು ಬರೆದು, ಜಲ್ಲಿಗೆ ತುಪ್ಪದ ಹೊಳಪು ಕೊಟ್ಟಿರಿ. ನನ್ನ ಹೆಂಡತಿ ಸುರಯ್ಯಾ ಇಣುಕಿ ನೋಡಿ, "ಕ್ಯಾ ಜೀ, ಉಪ್ಪಿಟ್ಟಿನ ಮೇಲೆ ರೈಲು ಬಿಟ್ಟಿದ್ದೀರಾ?" ಎಂದಳು. ನಾನು ಎರಡು ವಾರ ಕುಂಚದ ತುದಿಯಲ್ಲಿ ಹಚ್ಚಿದ ಧೂಳನ್ನು ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ತೊಳೆದಿರಿ. ಈ ನಗರದಲ್ಲಿ ರಸ್ತೆಯ ಧೂಳನ್ನು ಅಷ್ಟು ಬೇಗ ತೆಗೆದವರನ್ನು ನಾನು ಕಂಡಿಲ್ಲ. ತಾವು ದಯವಿಟ್ಟು ಕೃಷ್ಣರಾಜಪುರದ ಮಾರುಕಟ್ಟೆ ರಸ್ತೆಯನ್ನೂ ಒಮ್ಮೆ ನೋಡಬೇಕು.

ಆದರೆ ತಮ್ಮ ಸೇವೆ ಅಲ್ಲಿಗೇ ನಿಲ್ಲಲಿಲ್ಲ. ಚಿತ್ರವನ್ನು ತಾವಾಗಿಯೇ ಸುಧಾರಿಸುವ ತಮ್ಮ ಗುಣದಿಂದಾಗಿ, ದೃಶ್ಯಕ್ಕೆ ಅಡ್ಡವಾಗಿದೆ ಎಂದು ಗೇಟಿನ ಕೆಂಪುಬಿಳಿ ಕೋಲನ್ನು ತೆಗೆದಿರಿ. ಅದರ ಪಕ್ಕ ಅನಗತ್ಯವಾಗಿ ಒಬ್ಬ ವ್ಯಕ್ತಿ ನಿಂತಿದ್ದಾನೆ ಎಂದು ರಾಮಾಂಜಿನಪ್ಪನವರನ್ನೂ ತೆಗೆದು, ಆ ಜಾಗದಲ್ಲಿ ಗರಿಕೆ ಹುಲ್ಲು ಬೆಳೆಸಿದಿರಿ. ಕನ್ನಡಕ ಎಲ್ಲೋ ಇಟ್ಟಿದ್ದ ನಾನು, ಆಕಾಶ ಚೆನ್ನಾಗಿ ಬಂದಿದೆಯಲ್ಲ ಎಂಬ ಸಂತೋಷದಲ್ಲಿ ಚಿತ್ರವನ್ನು ಅವರಿಗೆ ಕಳಿಸಿಯೇಬಿಟ್ಟೆ. ಅದು ನನ್ನ ತಪ್ಪು, ಒಪ್ಪುತ್ತೇನೆ.

ಐದು ನಿಮಿಷಕ್ಕೆ ಅವರ ಕರೆ ಬಂತು. "ಏನ್ ಭಾಯ್ ಇದು! ರೈಲ್ ಬರ್ತಾ ಐತೆ, ಗೇಟ್ ತೆಗ್ದೈತೆ, ಗೇಟ್‌ಮನ್ ಡ್ಯೂಟಿ ಬಿಟ್ಟೋಗವ್ನೆ! ರಿಟೈರಾದ ಮೇಲೆ ನನ್ನ ಸಸ್ಪೆಂಡ್ ಮಾಡಿಸ್ತೀರಾ?" ಎಂದು ಗದರಿದರು. ಮಾನ್ಯರೇ, ರೈಲು ದಾಟುವವರೆಗೆ ಒಂದು ದಿನವೂ ಜಾಗ ಬಿಟ್ಟು ಕದಲದ ಮನುಷ್ಯ ಅವರು. ಆಮೇಲೆ ತಗ್ಗಿದ ದನಿಯಲ್ಲಿ, "ಮಗು ನೋಡಿ, 'ಎಲ್ಲಿದ್ದೀಯಾ ತಾತ' ಅಂತು. ಏನ್ ಹೇಳ್ಲಿ?" ಎಂದರು. ಆ ಪ್ರಶ್ನೆಯನ್ನು ತಮಗೇ ಒಪ್ಪಿಸುತ್ತಿದ್ದೇನೆ. ತಮ್ಮ ಬಳಿ ಉತ್ತರವಿದ್ದರೆ ತಿಳಿಸಬೇಕು.

ಅಂಬ್ರೀನ್ ಫೋನಿನಲ್ಲಿ ಹೇಳಿಕೊಟ್ಟಂತೆ ತಮ್ಮ ಸುಧಾರಣಾ ಗುಣವನ್ನು ಆಫ್ ಮಾಡಿದೆ. ಮರುದಿನ ಅಪ್‌ಡೇಟ್ ಆಗಿ ತಾವು ಮತ್ತೆ ಸುಧಾರಿಸತೊಡಗಿದಿರಿ. ಆದ್ದರಿಂದ ತಾವು ಮೇ ತಿಂಗಳ ಒಂದು ಮಧ್ಯಾಹ್ನ ಆ ಗೇಟಿನಲ್ಲಿ ಒಂದು ಪಾಳಿ ಕೆಲಸ ಮಾಡಿ, ಎರಡೂ ಕಡೆಯ ಹಾರ್ನುಗಳನ್ನು ಕೇಳಿ, ಯಾರು ಅನಗತ್ಯ ವ್ಯಕ್ತಿ ಎಂಬ ಬಗ್ಗೆ ಲಿಖಿತ ವರದಿ ಕೊಡಬೇಕೆಂದು ಕೋರುತ್ತೇನೆ. ನನ್ನ ಧೂಳನ್ನೂ ಹಿಂತಿರುಗಿಸಬೇಕು; ಒದ್ದೆ ಮಾಡದೆ.

ಕೊನೆಗೆ ಭಾನುವಾರ ಬೆಳಗ್ಗೆ, ಹೇಗೂ ಹಲಗೆ ಕಳಚಬೇಕಿತ್ತಲ್ಲ, ಗೇಟಿದ್ದ ಎರಡಡಿ ತುಂಡನ್ನು ಗರಗಸದಿಂದ ಕತ್ತರಿಸಿ, ಸುರಯ್ಯಾಳ ಮಡಿಲಲ್ಲಿಟ್ಟು ಆಟೋದಲ್ಲಿ ರಾಮಾಂಜಿನಪ್ಪನವರ ಮನೆಗೆ ಹೊರಟೆವು. ದಾರಿಯಲ್ಲಿ ನಿಜವಾದ ಗೇಟು ಮುಚ್ಚಿತ್ತು. ಆಟೋದವನು ಹಿಂದಿರುಗಿ ನೋಡಿ, "ಇರೋ ಒಂದ್ ಗೇಟ್ ಸಾಲ್ದು ಅಂತ ನೀವೊಂದ್ ತಂದ್ರಾ ಸಾರ್?" ಎಂದ.

ರಾಮಾಂಜಿನಪ್ಪನವರು ತುಂಡನ್ನು ತೊಡೆಯ ಮೇಲಿಟ್ಟುಕೊಂಡರು. ಬಳಿಕ ಉಗುರಿನ ತುದಿಯಿಂದ ಆ ಪುಟ್ಟ ಮನುಷ್ಯನನ್ನು ಒಂದು ಕೂದಲೆಳೆಯಷ್ಟು ಹಳಿಯಿಂದ ದೂರ ಸರಿಸಿ, "ಇಷ್ಟ್ ಹತ್ರ ನಿಂತ್ಕೋಬಾರ್ದು" ಎಂದರು. ರಮ್ಯಶ್ರೀ ನನ್ನ ಜೇಬಿನಿಂದ ತಮ್ಮನ್ನು ಎತ್ತಿಕೊಂಡು ತಾತನ ಫೋಟೋ ತೆಗೆದಳು. ಸತ್ಯವನ್ನು ಮುಚ್ಚಿಡಬಾರದು: ಆ ಚಿತ್ರದಲ್ಲಿ ತಾವು ನನ್ನ ಹಳಿ, ಮರ, ರೈಲು ಎಲ್ಲವನ್ನೂ ಮಂಜು ಮಾಡಿ, ಒಬ್ಬ ಮನುಷ್ಯನ ಮುಖವನ್ನು ಮಾತ್ರ ಸ್ಪಷ್ಟವಾಗಿ ಉಳಿಸಿದಿರಿ. ಏಳು ತಿಂಗಳ ಕೆಲಸ ಮಸುಕಾದದ್ದನ್ನು ನೋಡಿ ನನಗೆ ಸ್ವಲ್ಪವೂ ಬೇಸರವಾಗಲಿಲ್ಲ. ಆ ಒಂದು ಚಿತ್ರದ ಮಟ್ಟಿಗೆ ಈ ದೂರನ್ನು ಹಿಂತೆಗೆದುಕೊಂಡಿದ್ದೇನೆ.

ಯಾವ ಸುಧಾರಣೆಗೂ ಒಗ್ಗದ ತಮ್ಮ ವಿಶ್ವಾಸಿ,
ಕಲೀಮುಲ್ಲಾ

ಮರೆತ ಮಾತು: ಜಾಗ ಸಾಲದಾಗಿದೆ, ಅಳಿಸಬಹುದಾದ ಚಿತ್ರಗಳು ಇವು ಎಂದು ಇಂದು ಬೆಳಗ್ಗೆ ತಾವು ಕೊಟ್ಟ ಪಟ್ಟಿಯಲ್ಲಿ ಆ ಚಿತ್ರವೇ ಮೊದಲಿದೆ. ಧಾರಾಳವಾಗಿ ಅಳಿಸಿ. ಅದರದೊಂದು ದೊಡ್ಡ ಪ್ರತಿಯನ್ನು ರಾಮಾಂಜಿನಪ್ಪನವರ ಮನೆಯ ಗೋಡೆಗೆ ಎರಡು ಮೊಳೆ ಹೊಡೆದು ತೂಗುಹಾಕಿಯಾಗಿದೆ. ಅದನ್ನೂ ಅಳಿಸುವ ಮನಸ್ಸಿದ್ದರೆ, ಬರುವಾಗ ಏಣಿ ತರಬೇಕಾಗಿ ವಿನಂತಿ.