ಸದರಿ ಹೃದಯದ ರಕ್ಷಣೆಗಾಗಿ

ಕಟ್ಟಡ ಪರವಾನಗಿ ಕಚೇರಿಯ ಟಪಾಲು ಗುಮಾಸ್ತರ ಎದೆಗೆ ಪೇಸ್‌ಮೇಕರ್ ಅಳವಡಿಸಲಾಗಿದ್ದು, ಸದರಿ ಯಂತ್ರವು ತೃಪ್ತಿಕರವಾಗಿ ಕಾರ್ಯನಿರ್ವಹಿಸುತ್ತಿದೆ. ಆ ಕಚೇರಿಯಲ್ಲಿ ತೃಪ್ತಿಕರವಾಗಿ ಕಾರ್ಯನಿರ್ವಹಿಸುತ್ತಿರುವುದು ಅದೊಂದೇ ಎಂದು ಅರ್ಜಿದಾರರು ಆಡಿಕೊಳ್ಳುವುದುಂಟು. ಅರ್ಜಿದಾರರ ಮಾತನ್ನು ಕಿವಿಗೆ ಹಾಕಿಕೊಳ್ಳುವ ಪದ್ಧತಿ ಅಲ್ಲಿಲ್ಲ.

ಆಸ್ಪತ್ರೆಯಿಂದ ಕಳಿಸುವಾಗ ಹೃದಯದ ಡಾಕ್ಟರಮ್ಮ ಹೇಳಿದ್ದು ಇಷ್ಟೇ: "ಮೊಬೈಲನ್ನ ಎದೆ ಜೇಬಲ್ಲಿ ಇಟ್ಕೋಬೇಡಿ. ಯಂತ್ರ ಎಡಕ್ಕಿದೆ, ಬಲಗಿವಿಗೆ ಹಿಡಿದು ಮಾತಾಡಿ. ದೊಡ್ಡ ಅಂಗಡಿ ಬಾಗಿಲಲ್ಲಿ ಕಳ್ಳರನ್ನ ಹಿಡಿಯೋ ಗೇಟ್ ಇರುತ್ತಲ್ಲ, ಅದರ ನಡುವೆ ನಿಂತು ಹರಟೆ ಹೊಡೀಬೇಡಿ. ಮಿಕ್ಕಿದ್ದಕ್ಕೆಲ್ಲ ಹೆದರಬೇಡಿ."

ಕೆಲಸಕ್ಕೆ ಮರಳಿದ ಗುಮಾಸ್ತರು ಇದನ್ನು ಚಾಚೂ ತಪ್ಪದೆ ಅಧೀಕ್ಷಕರಿಗೆ ಒಪ್ಪಿಸಿದರು. ಅಧೀಕ್ಷಕರು ಆಗ ನಿದ್ದೆಗೆಟ್ಟು ಕೂತಿದ್ದರು. ಮೇಲಿನವರು ಕಚೇರಿಗೆ ಹಾಜರಾತಿಯ ಬೆರಳಚ್ಚು ಯಂತ್ರವನ್ನೂ ಮೂಲೆಮೂಲೆಗೆ ಕ್ಯಾಮೆರಾಗಳನ್ನೂ ಹಾಕಿಸಿ, ಸಿಬ್ಬಂದಿಯ ಬದುಕನ್ನೇ ದುಸ್ತರ ಮಾಡಿದ್ದರು.

"ಬೆಳಿಗ್ಗೆ ಆ ಯಂತ್ರಕ್ಕೆ ಬೆರಳು ಒತ್ತಿದ್ರಾ?" ಎಂದು ಅಧೀಕ್ಷಕರು ಕೇಳಿದರು.

"ಒತ್ತಿದೆ ಸಾರ್."

"ಎದೇಲಿ ಏನೂ ಆಗ್ಲಿಲ್ವಾ?"

"ಇಲ್ಲ ಸಾರ್."

"ಸರಿಯಾಗಿ ನೆನಪು ಮಾಡ್ಕೊಳ್ಳಿ."

"ಮೆಟ್ಟಿಲು ಹತ್ತಿ ಬಂದಿದ್ನಲ್ಲ, ಸ್ವಲ್ಪ ಏದುಸಿರು..."

"ನೋಡಿದ್ರಾ!" ಎಂದು ಅಧೀಕ್ಷಕರು ಎದ್ದೇ ನಿಂತರು. ಅವರ ಮುಖದಲ್ಲಿ ಅಂಥ ಕಳೆಯನ್ನು ಗುಮಾಸ್ತರು ಎಂದೂ ಕಂಡಿರಲಿಲ್ಲ.

ಮಧ್ಯಾಹ್ನದೊಳಗೆ ಸುತ್ತೋಲೆ ಹೊರಬಿತ್ತು: "ಮಾನವೀಯ ದೃಷ್ಟಿಯಿಂದ, ಸದರಿ ಹೃದಯದ ರಕ್ಷಣೆಗಾಗಿ, ಬೆರಳಚ್ಚು ಯಂತ್ರವನ್ನು ಈ ಕೂಡಲೇ ಸ್ಥಗಿತಗೊಳಿಸಲಾಗಿದೆ. ಟಪಾಲು ಗುಮಾಸ್ತರು ಕಚೇರಿಯ ತುಂಬ ಓಡಾಡುವವರಾದ್ದರಿಂದ ಎಲ್ಲ ಕ್ಯಾಮೆರಾಗಳನ್ನೂ ಆರಿಸತಕ್ಕದ್ದು. ಸಾರ್ವಜನಿಕರು ಮೊಬೈಲುಗಳನ್ನು ಬಾಗಿಲಲ್ಲೇ ಒಪ್ಪಿಸತಕ್ಕದ್ದು. ಮುಖ್ಯಾಧಿಕಾರಿಗಳ ಕೊಠಡಿಯ ಎ.ಸಿ. ಮತ್ತು ಟಿ.ವಿ. ಹೃದಯಕ್ಕೆ ಹಿತಕರವೆಂದು ಕಂಡುಬಂದಿರುವುದರಿಂದ ಅವು ಮುಂದುವರಿಯತಕ್ಕದ್ದು."

ಅಂದಿನಿಂದ ಕಚೇರಿಯಲ್ಲಿ ಅನುಕಂಪ ಉಕ್ಕಿ ಹರಿಯಿತು. ಊಟದ ಹೊತ್ತಿಗೆ ಬರುವವರೂ, ಊಟಕ್ಕೆ ಹೋದವರು ಮಾರನೆಯ ದಿನ ಬರುವವರೂ "ಹೇಗಿದೆ ಎದೆ?" ಎಂದು ವಿಚಾರಿಸಿಯೇ ಹೋಗುತ್ತಿದ್ದರು. ಮೊಹರಿನ ಸದ್ದೂ ಹೃದಯಕ್ಕೆ ಒಳ್ಳೆಯದಲ್ಲವೆಂದು ಟಪಾಲಿನ ಕೆಲಸವನ್ನು ಬೇರೆಯವರಿಗೆ ವಹಿಸಿ, ಗುಮಾಸ್ತರ ಮೇಜನ್ನು ಹಜಾರದ ನಟ್ಟನಡುವೆ ಹಾಕಲಾಯಿತು. ಅವರಿಗೆ ಸುಮ್ಮನೆ ಕೂತು ಕೂತು ಕೈ ಜೋಮು ಹಿಡಿಯಿತು.

ಆ ಮೇಜಿನ ಸುತ್ತ ಮಾತ್ರ ಸದಾ ಜನ. "ಬನ್ನಿ, ಇವರ ಹತ್ರ ಕೂತು ಮಾತಾಡೋಣ. ಇಲ್ಲಿ ಯಾವ ತೊಂದ್ರೇನೂ ಇಲ್ಲ" ಎಂದು ಅರ್ಜಿದಾರರನ್ನು ಅಲ್ಲಿಗೇ ಕರೆತರುತ್ತಿದ್ದರು. ಒಮ್ಮೆ ಹೊಲಿಗೆ ಅಂಗಡಿಯಾಕೆ ಬಂದಳು. ಅಂಗಡಿಗೆ ಒಂದು ಸೂರು ಹಾಕಿಸಬೇಕಿತ್ತು. ಬಾಗಿಲಲ್ಲಿ ಮೊಬೈಲು ಕೊಟ್ಟು, ಅಧೀಕ್ಷಕರಿಗೆ ಲಕೋಟೆ ಕೊಟ್ಟು, ಎದ್ದು ಹೋಗುವಾಗ ಗುಮಾಸ್ತರತ್ತ ತಿರುಗಿ ಕೇಳಿದಳು:

"ಈ ಆಫೀಸಲ್ಲಿ ಹೃದಯ ಇರೋರು ನೀವೇನಾ?"

ಅವಳು ಕುಚೋದ್ಯಕ್ಕೆ ಕೇಳಿರಲಿಲ್ಲ. ಬಾಗಿಲಲ್ಲಿ ಹಾಗೆ ಹೇಳಿ ಕಳಿಸಿದ್ದರು. ಆದರೂ ಗುಮಾಸ್ತರು ಆ ರಾತ್ರಿ ಊಟಕ್ಕೆ ಕೂತಾಗ ಅದನ್ನೇ ಹೆಂಡತಿಗೆ ಹೇಳಿದರು. "ಡಾಕ್ಟರಮ್ಮನ್ನೇ ಕರ್ಕೊಂಡ್ಹೋಗಿ ಹೇಳಿಸ್ರೀ" ಎಂದಳು ಹೆಂಡತಿ. ಅವರು ಕಾಡಿ ಬೇಡಿ ಡಾಕ್ಟರಮ್ಮನನ್ನು ಕಚೇರಿಗೆ ಕರೆತಂದರು.

"ಕ್ಯಾಮೆರಾದಿಂದ, ಬೆರಳಚ್ಚಿನಿಂದ ಇವರಿಗೆ ಏನೂ ಆಗಲ್ಲ" ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಗುಮಾಸ್ತರು ಎಷ್ಟೋ ದಿನಗಳ ಮೇಲೆ ನೆಟ್ಟಗೆ ಕೂತರು.

ಮುಖ್ಯಾಧಿಕಾರಿಗಳು ಗೌರವದಿಂದ ತಲೆಯಾಡಿಸಿದರು. "ಸಂತೋಷ ಮೇಡಂ. ಅಂದ ಹಾಗೆ, ನಿಮ್ಮ ಆಸ್ಪತ್ರೆಗೆ ಇನ್ನೊಂದು ಅಂತಸ್ತು ಏರಿಸೋ ಅರ್ಜಿ ನಮ್ಮಲ್ಲೇ ಇದೆ ಅಲ್ವಾ? ಕ್ಯಾಮೆರಾ ಆನ್ ಮಾಡಿಸ್ಬಿಡ್ಲಾ, ಅಥವಾ ಇಲ್ಲೇ ಕೂತು ಮಾತಾಡೋಣ್ವಾ?"

ಡಾಕ್ಟರಮ್ಮ ಒಮ್ಮೆ ಆರಿದ ಕ್ಯಾಮೆರಾ ನೋಡಿದರು, ಒಮ್ಮೆ ಗುಮಾಸ್ತರನ್ನು ನೋಡಿದರು. ಆಮೇಲೆ ಕುರ್ಚಿಯನ್ನು ಆ ಮೇಜಿನ ಹತ್ತಿರಕ್ಕೆ ಎಳೆದುಕೊಂಡು, "ವಿಜ್ಞಾನ ಇನ್ನೂ ತುಂಬಾ ಬೆಳೀಬೇಕು" ಎಂದರು.

ಗುಮಾಸ್ತರು ಏನೋ ಹೇಳಲು ಬಾಯಿ ತೆರೆದರು. "ಮಾತಾಡಿ ಆಯಾಸ ಮಾಡ್ಕೋಬೇಡಿ" ಎಂದು ಡಾಕ್ಟರಮ್ಮ ಅವರ ಕೈ ತಟ್ಟಿದರು.

ಕ್ಯಾಮೆರಾ ಯಾಕೆ ಆರಿದೆ ಎಂದು ತಪಾಸಣೆಗೆ ಕೇಂದ್ರ ಕಚೇರಿಯಿಂದ ತಂಡವೊಂದು ಬಂತು. ಗುಮಾಸ್ತರ ಪಕ್ಕದಲ್ಲಿ ಕೂತು ಎಲ್ಲವನ್ನೂ ಕೂಲಂಕಷವಾಗಿ ಪರಿಶೀಲಿಸಿದ ತಂಡದ ಮುಖ್ಯಸ್ಥರು, ಹೊರಡುವ ಮುನ್ನ ಅಧೀಕ್ಷಕರ ಕಿವಿಯಲ್ಲಿ ಕೇಳಿದರು: "ಇವರನ್ನ ವಾರಕ್ಕೆರಡು ದಿನ ನಮ್ಮಲ್ಲಿಗೂ ಕಳಿಸೋಕಾಗುತ್ತಾ?"

ಹೀಗೆ ಗುಮಾಸ್ತರಿಗೆ 'ಹೃದಯಾಧಿಕಾರಿ' ಎಂಬ ಬಡ್ತಿಯೂ, ಓಡಾಟಕ್ಕೆ ಕಾರೂ ಸಿಕ್ಕಿತು. ಹೆಂಡತಿ ಈಗ ಡಾಕ್ಟರಮ್ಮನ ಸುದ್ದಿ ಎತ್ತುವುದಿಲ್ಲ. ಕೇಂದ್ರ ಕಚೇರಿಯ ಸಭೆಗಳಲ್ಲಿ ಮುಖ್ಯ ವಿಷಯ ಚರ್ಚೆಗೆ ಬರುವ ಹೊತ್ತಿಗೆ ಅವರನ್ನು ಒಳಗೆ ಕರೆಸಿ, ನಡುವಿನ ಕುರ್ಚಿಯಲ್ಲಿ ಕೂರಿಸುತ್ತಾರೆ.

ಅಂಥದೊಂದು ಸಭೆಯಲ್ಲಿ ಯಾರದೋ ಚೀಲದೊಳಗೆ ಮರೆತ ಮೊಬೈಲು ರಿಂಗಾಯಿತು. ಸಭೆ ಗಕ್ಕನೆ ನಿಂತು, ಎಲ್ಲರ ಕಣ್ಣೂ ಹೃದಯಾಧಿಕಾರಿಗಳ ಮೇಲೆ ಬಿತ್ತು. ಯಾರೂ ಹೇಳಿಕೊಡದೆಯೇ ಅವರ ಕೈ ಎದೆಗೆ ಹೋಯಿತು, ಕಣ್ಣು ಮುಚ್ಚಿತು.

"ನೋವಾಯ್ತಾ?" ಎಂದು ಅಧ್ಯಕ್ಷರು ಗಾಬರಿಯಿಂದ ಕೇಳಿದರು.

"ಸುತ್ತೋಲೆ ಪ್ರಕಾರ ಆಗಬೇಕು ಸಾರ್" ಎಂದರು ಅವರು.

ಅಧ್ಯಕ್ಷರಿಗೆ ಸಮಾಧಾನವಾಯಿತು. ಸಭೆ ಮುಂದುವರಿಯಿತು.