ಹೊಟ್ಟೆಗೆ ಬೀಳ್ಕೊಡುಗೆ ಊಟ

ಕಡೂರಿನಲ್ಲಿ ತೆಂಗಿನಕಾಯಿ ವ್ಯಾಪಾರ ನನ್ನದು. ಲಾರಿಗಟ್ಟಲೆ ಕಾಯಿ ಇಳಿಸಿದವನಿಗೆ ಸ್ವಂತ ಹೊಟ್ಟೆ ಇಳಿಸುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ.

ಮಗಳ ಮದುವೆ ಗೊತ್ತಾಗಿತ್ತು. ಧಾರೆ ಎರೆಯಲು ನಾನು ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಅದಕ್ಕೆ ನನ್ನ ಹೊಟ್ಟೆ ಕಾಲುಗಳಿಗೆ ಅನುಮತಿ ಕೊಡುತ್ತಿರಲಿಲ್ಲ. "ಕುರ್ಚಿ ಗಿರ್ಚಿ ಬೇಡ ಅಪ್ಪಾ, ಎಲ್ಲಾರ್ ಅಪ್ಪಂದಿರ ಥರ ನೀನೂ ಕೆಳಗೇ ಕೂತ್ಕೋಬೇಕು" ಎಂದು ಮಗಳು ಹೇಳಿದಾಗ ನಿಜಕ್ಕೂ ಅಳು ಬಂತು. ಹೊಟ್ಟೆಯನ್ನೇ ಚಿಕ್ಕದು ಮಾಡುವ ಆಪರೇಷನ್ ಇದೆ ಎಂದರು ಡಾಕ್ಟರು. ಹೇಗೂ ಆರೋಗ್ಯ ವಿಮೆ ಇದೆಯಲ್ಲ! ನಿಶ್ಚಿಂತೆಯಿಂದ ಏಜೆಂಟ್ ಲೋಕೇಶನಿಗೆ ಫೋನ್ ಮಾಡಿದೆ.

"ತೂಕ ಇಳ್ಸೋ ಆಪರೇಷನ್ ಪಾಲಿಸೀಲಿ ಬರಲ್ಲ ಅಣ್ಣ. ಕಂಪ್ನಿಯವ್ರು ಹಾಕಿರೋ ತೂಕದ ಮಿತಿ ಮೀರಿ ದಪ್ಪ ಇದ್ರೆ ಮಾತ್ರ ದುಡ್ಡು ಕೊಡ್ತಾರೆ."

"ನಾನೇನ್ ಕಮ್ಮಿ ದಪ್ಪ ಇದೀನೇನಯ್ಯಾ?"

"ಸ್ವಲ್ಪ ಕಮ್ಮಿ ಅಣ್ಣ."

ಜೀವಮಾನದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ಸಣ್ಣ ಎಂದಿದ್ದರು!

ಮಿತಿ ಮುಟ್ಟುವುದು ಕಷ್ಟವೇ? ನಮ್ಮ ಕಡೆ ಮದುವೆ ಗೊತ್ತಾದ ಹುಡುಗನನ್ನು ನೆಂಟರು ಮನೆಮನೆಗೆ ಕರೆದು ಊಟ ಹಾಕುತ್ತಾರೆ. ನನ್ನ ಹೊಟ್ಟೆಗೂ ಅದೇ ಮರ್ಯಾದೆ ಸಿಕ್ಕಿತು. ತರೀಕೆರೆಯ ಅಕ್ಕ ಹೋಳಿಗೆಯ ಮೇಲೆ ತುಪ್ಪ ಸುರಿದು, "ತಿನ್ನೋ ತಮ್ಮಾ, ಆಮೇಲೆ ಒಂದ್ ಹಿಡಿ ಅನ್ನಾನೂ ಸೇರಲ್ವಂತೆ" ಎಂದು ಕಣ್ಣೊರೆಸಿಕೊಂಡಳು. ಅಜ್ಜಂಪುರದ ಸೋದರಮಾವ ಊಟದ ನಂತರ ಶಲ್ಯ ಹೊದಿಸಿ, ಎಲೆ ಅಡಿಕೆ ಕೊಟ್ಟು, ನನ್ನ ಹೊಟ್ಟೆಯನ್ನು ವಿಧ್ಯುಕ್ತವಾಗಿ ಬೀಳ್ಕೊಟ್ಟರು. ನಾನು ಮಿತಿ ದಾಟಿದೆ. ಆ ಖುಷಿಗೆ ಮನೆಯಲ್ಲಿ ಪಾಯಸ ಮಾಡಿಸಿದೆ.

ಪಾಯಸದ ಹೊತ್ತಿಗೆ ಲೋಕೇಶ ಬಂದ. "ಡಯಟ್ಟು, ವಾಕಿಂಗು ಎಲ್ಲಾ ಮಾಡಿ ಫೇಲಾಗಿದೀರಿ ಅಂತ ಡಾಕ್ಟ್ರು ಬರ್ಕೊಡ್ಬೇಕಂತೆ ಅಣ್ಣ."

ಫೇಲಾಗುವುದು ತಾನೇ? ಹತ್ತನೇ ಕ್ಲಾಸಿನಿಂದಲೂ ಅನುಭವವಿದೆ!

ಆದರೆ ಹೆಂಡತಿ ಸರೋಜ ಡಾಕ್ಟರು ಬರೆದುಕೊಟ್ಟ ಡಯಟ್ಟನ್ನು ವೇದವಾಕ್ಯ ಮಾಡಿಕೊಂಡಳು. ಅರ್ಧ ಮುದ್ದೆ, ಹುರುಳಿಕಾಳು ಸಾರು. ಮುಗಿಯಿತು.

"ಲೇ, ನಾನು ಫೇಲಾಗ್ಬೇಕು ಕಣೇ!"

"ಆಗ್ರಿ, ಯಾರ್ ಬೇಡ ಅಂದ್ರು? ನನ್ನ ಅಡುಗೆಮನೇಲಿ ಆಗ್ಬೇಡಿ."

ಬಸ್ಸು ಹತ್ತಿ ತರೀಕೆರೆಗೆ ಓಡಿದೆ. ಅಕ್ಕ ನೀರು ಮಜ್ಜಿಗೆ ಕೊಟ್ಟಳು. ಹೋಳಿಗೆ ಎಲ್ಲಿ ಎಂದರೆ, "ಬೀಳ್ಕೊಡೋ ಊಟ ಎರಡ್ ಸಲ ಹಾಕ್ಬಾರ್ದು ಕಣೋ, ಆಪರೇಷನ್ನಿಗೆ ಅಪಶಕುನ!" ಅಂದಳು. ಅಲ್ಲಿಂದ ಅಜ್ಜಂಪುರಕ್ಕೆ ಹೋದೆ. ಮಾವ ಬಾಗಿಲಲ್ಲೇ ನಿಂತು, "ಇನ್ನೂ ಕೊಯ್ಸಿಲ್ವೇನಪ್ಪಾ? ಶಲ್ಯ ವಾಪಸ್ ತಂದ್ಯಾ?" ಎಂದರು. ಹೀಗೆ ತಿಂಗಳುಗಟ್ಟಲೆ ಊಟ ಹುಡುಕಿಕೊಂಡು ಬಸ್ ಸ್ಟ್ಯಾಂಡಿನಿಂದ ನೆಂಟರ ಮನೆಗಳಿಗೆ ನಡೆದು ಅಲೆದದ್ದೇ ನನ್ನ ವಾಕಿಂಗ್ ಆಯಿತು.

ಡಾಕ್ಟರು ತೂಕ ನೋಡಿ ನನ್ನ ಕೈ ಕುಲುಕಿದರು. ಇಳಿದಿತ್ತು! ಫೇಲ್ ಎಂದು ಬರೆದುಕೊಡಿ ಎಂದು ಕಾಲು ಹಿಡಿಯುವುದೊಂದು ಬಾಕಿ, ಬಗ್ಗಲಾಗುವುದಿಲ್ಲವಾದ್ದರಿಂದ ಹಿಡಿಯಲಿಲ್ಲ. ವಿಮೆಯವರ ಲೆಕ್ಕದಲ್ಲಿ ನಾನು ಮತ್ತೆ ಸಣ್ಣವನಾಗಿದ್ದೆ.

ಮದುವೆಯ ದಿನ ಹಟಕ್ಕೆ ಬಿದ್ದು ಮಣೆಯ ಮೇಲೆ ಕೂತೇಬಿಟ್ಟೆ. ಚಕ್ಕಳಮಕ್ಕಳ ಬಿತ್ತು! ಮಗಳು ನಕ್ಕಳು, ನನ್ನ ಕಣ್ಣು ತುಂಬಿತು. ಧಾರೆಯೂ ಆಯಿತು. "ಇನ್ನು ಏಳಿ ಯಜಮಾನ್ರೇ" ಎಂದರು ಮದುವೆ ಮಾಡಿಸುತ್ತಿದ್ದ ಅಯ್ಯನವರು.

ಏಳಲಾಗಲಿಲ್ಲ.

ಅಳಿಯ ಒಂದು ರಟ್ಟೆ, ಬೀಗರು ಇನ್ನೊಂದು ರಟ್ಟೆ ಹಿಡಿದು ಎಳೆದರು. ನಾನು ಎದ್ದೆ, ಮಣೆಯೂ ನನ್ನ ಜೊತೆಗೇ ಎದ್ದಿತು!