ಚೆನ್ನೈ ಕಳ್ಳ ಮತ್ತು ನನ್ನ ನೋಟ್‌ಬುಕ್

ಮಾನ ಹೋಗುವಂಥ ಪ್ರಸಂಗಗಳು ಎಲ್ಲರ ಮನೆಯಲ್ಲೂ ನಡೆಯುತ್ತವೆ. ಉಳಿದವರು ಮರೆತು ಸುಖವಾಗಿರುತ್ತಾರೆ. ನಾನು ತಾರೀಖು, ವೇಳೆ ಹಾಕಿ ಬರೆದಿಡುತ್ತೇನೆ. ಕೊಪ್ಪಳದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು ನಾನು. ಕರೆಂಟು ಹೋದದ್ದು, ಹಾಲಿನವಳು ತಡಮಾಡಿದ್ದು, ನಾನು ಸೀರಿಯಲ್ ನೋಡಿದ್ದು, ಎಲ್ಲಕ್ಕೂ ನನ್ನ ನೋಟ್‌ಬುಕ್ಕಿನಲ್ಲಿ ಜಾಗವಿದೆ.

೧. ಕಳ್ಳ ಕಂಡ

ಗಂಗಾವತಿಯ ನಮ್ಮ ಮನೆಗೆ ಇಂಟರ್ನೆಟ್ಟಿನ ವೈರು ಬಂದ ವರ್ಷ, ಬೇಕಾದಾಗ ಸೀರಿಯಲ್ ನೋಡುವ ಒಂದು ಆ್ಯಪ್ ಅನ್ನು ಟಿವಿಗೆ ಹಾಕಿಸಿದೆವು. ಯಾವ ಊರಿನಿಂದ, ಎಷ್ಟು ಗಂಟೆಗೆ ನೋಡಿದರು ಎಂಬ ಪಟ್ಟಿ ಅದರೊಳಗೇ ಇರುತ್ತದೆಂದು ಸೊಸೆ ತೋರಿಸಿಕೊಟ್ಟಳು. ತೆರೆದರೆ, ಬರೀ ಚೆನ್ನೈ! ನಾನೋ ಬಳ್ಳಾರಿ ದಾಟಿದವಳಲ್ಲ.

"ಚೆನ್ನೈದಾಗ ಯಾವನೋ ಕದ್ದು ನಮ್ಮ ಆ್ಯಪ್ ನೋಡಾಕತ್ಯಾನ್ರಿ!" ಎಂದೆ.

ಯಜಮಾನರು ಪೇಪರಿನಿಂದ ತಲೆ ಎತ್ತಲಿಲ್ಲ. "ನೀ ನೋಡೋ ಸೀರಿಯಲ್ ನೋಡ್ಯಾನಂದ್ರ, ಅವಗ ಶಿಕ್ಷಾ ಆಗೇ ಬಿಟ್ಟೈತಿ."

೨. ಕಳ್ಳ ಊರು ಬದಲಿಸಿದ

ಆ ಪಟ್ಟಿಯನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಪಾಸ್‌ವರ್ಡ್ ಬದಲಿಸಿದೆ. ನಾನು ಹೊಸದನ್ನು ಹಾಕಿ ಹತ್ತು ನಿಮಿಷವಾಗಿರಲಿಲ್ಲ, ಕಳ್ಳನೂ ಒಳಗಿದ್ದ. ಮೂರು ಸಲ ಬದಲಿಸಿದೆ, ಮೂರು ಸಲವೂ ಅದೇ ಕಥೆ. ಒಮ್ಮೆ ಮುನಿರಾಬಾದಿನಲ್ಲಿ ನಾದಿನಿಯ ಮನೆಗೆ ಹೋಗಿ, ಮೊಬೈಲಿನಲ್ಲೇ ಸೀರಿಯಲ್ ನೋಡಿ ಬಂದೆ. ಅವತ್ತು ಪಟ್ಟಿಯಲ್ಲಿ ಮುಂಬೈ!

"ಕಳ್ಳ ಆದ್ರೂ ನಾಕು ಊರು ತಿರಗತಾನ," ಎಂದರು ಯಜಮಾನರು. "ನೀನೂ ಇದ್ದೀಯ, ನೋಟ್‌ಬುಕ್ ಹಿಡಕೊಂಡು."

೩. ತಂಗಿಗೆ ಫೋನು

ಇದನ್ನು ಬರೆಯಲು ಇವತ್ತಿಗೂ ಕೈ ಹಿಂಜರಿಯುತ್ತದೆ. ಹೊಸ ಪಾಸ್‌ವರ್ಡ್ ಹೇಳುತ್ತಿದ್ದದ್ದು ಕುಷ್ಟಗಿಯ ನನ್ನ ತಂಗಿ ಒಬ್ಬಳಿಗೆ ಮಾತ್ರ. ಅವಳ ಮೈದುನ ಕಾರಟಗಿಯ ಅಕ್ಕಿ ಹೇರಿಕೊಂಡು ಲಾರಿ ಹೊಡೆಯುತ್ತಾನೆ, ಚೆನ್ನೈಗೂ ಮುಂಬೈಗೂ. ಓದಿದ ತಲೆ, ಎರಡನ್ನೂ ಕೂಡಿಸಿತು.

"ನಿನ್ನ ಮೈದುನಗ ಪಾಸ್‌ವರ್ಡ್ ಕೊಟ್ಟೀಯಲ್ಲ? ಖರೇ ಹೇಳು."

"ಅಕ್ಕಾ, ನಾನ ಒಂದಿನಾನೂ ತೆಗದು ನೋಡಿಲ್ಲ. ಅಂವಾ ಸ್ಟೇರಿಂಗ್ ಹಿಡೀತಾನೋ, ಅತ್ತಿ-ಸೊಸಿ ಜಗಳಾ ನೋಡ್ತಾನೋ?"

"ನಾ ತಾರೀಖು ಸಮೇತ ಬರದಿಟ್ಟೀನಿ."

"ಹಂಗಾರ ಇದನ್ನೂ ಬರಕೋ. ಇವತ್ತಿಂದ ನಿನ್ನ ತಂಗಿ ನಿನ್ನ ಕೂಡ ಮಾತಾಡಂಗಿಲ್ಲ. ತಾರೀಖು ಹಾಕು."

ಹಾಕಿದೆ.

೪. ಕುಬಸದ ದಿನ

ಎರಡು ತಿಂಗಳ ಮೇಲೆ ಬಸುರಿ ಸೊಸೆಯ ಕುಬಸ. ತಂಗಿ ಬಂದಳು, ಮೈದುನನ ಜೊತೆಗೇ. ಸೊಸೆಗೆ ಉಡಿ ತುಂಬಿದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅಷ್ಟರಲ್ಲಿ, ಶಾಮಿಯಾನದವರು ಹರಿದಿದ್ದ ವೈರು ಜೋಡಿಸಲು ಇಂಟರ್ನೆಟ್ಟಿನವನು ಬಂದ. ತಂಗಿಯ ಕಿವಿಗೆ ಬೀಳಲೆಂದೇ ನಾನು ನೋಟ್‌ಬುಕ್ ತಂದು, ಕಳ್ಳನ ಲೆಕ್ಕವನ್ನೆಲ್ಲ ಅವನೆದುರು ಬಿಚ್ಚಿ ಹೇಳಿದೆ.

ಅವನು ಪುಟ ತಿರುವಿದ. "ಅಮ್ಮಾರ, ಇದರಾಗ ಗಂಗಾವತಿ ಎಲ್ಲೈತ್ರಿ? ನೀವು ಒಂದಿನಾನೂ ಟಿವಿ ನೋಡಿಲ್ಲೇನ್ರಿ?"

ನಾನೂ ಬಗ್ಗಿ ಪುಟದ ಮೇಲೆ ಬೆರಳಾಡಿಸಿದೆ. ಗಂಗಾವತಿ ಎಲ್ಲೂ ಇರಲಿಲ್ಲ.

"ಆ್ಯಪ್‌ನವರಿಗೆ ನಿಮ್ಮ ಮನಿ ಕಾಣಂಗಿಲ್ರಿ. ಇಂಟರ್ನೆಟ್ಟಿಗೆ ಒಂದು ನಂಬರ್ ಇರ್ತೈತಿ, ಅದು ಯಾವ ಊರಿನ ಹೆಸರಿಗೆ ಐತೋ ಅದ ಊರು ತೋರಸ್ತಾರ. ಈ ವೈರಿಂದು ಚೆನ್ನೈ ಹೆಸರಿಗೆ ಐತಿ, ನಿಮ್ಮ ಮೊಬೈಲ್‌ದು ಮುಂಬೈ."

ತಂಗಿ ನೋಟ್‌ಬುಕ್ ಕಸಿದುಕೊಂಡು, ಆರತಿಗೆ ನಿಂತಿದ್ದ ಹೆಂಗಸರಿಗೆಲ್ಲ ಕೇಳುವಂತೆ ಓದಿದಳು. ಎಡಗಡೆ: "ಕಳ್ಳ. ಚೆನ್ನೈ. ಮಧ್ಯಾಹ್ನ ಎರಡು ಹತ್ತು." ಬಲಗಡೆ: "ಊಟವಾಯಿತು. ಎರಡು ಹತ್ತಕ್ಕೆ ಸೀರಿಯಲ್." ಆರು ದಿನದ್ದು ಓದಿದಳು, ಒಂದು ನಿಮಿಷವೂ ಹೆಚ್ಚುಕಡಿಮೆಯಿಲ್ಲ. ನನ್ನ ಅಕ್ಷರ ಅಷ್ಟು ದುಂಡಗೆ, ಬೇರೆಯವರದೆನ್ನಲೂ ಆಗಲಿಲ್ಲ.

ನೆಲ ನೋಡುತ್ತ ಮೈದುನನ ಮುಂದೆ ನಿಂತೆ. "ತಪ್ಪಾತಪ್ಪಾ."

ಅವನು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿದ. "ಇರಲಿ ಬಿಡ್ರಿ ಅಕ್ಕಾರ. ನೀವು ಚೆನ್ನೈದಾಗ ಅದೀರಿ ಅಂತ ಮೊದಲ ಗೊತ್ತಿದ್ರ, ಹೋದಾಗೆಲ್ಲ ಊಟಕ್ಕ ನಿಮ್ಮನಿಗೇ ಬರ್ತಿದ್ನೆಲ್ರಿ!"

ತಂಗಿ ನಗು ತಡೆಯಲಾರದೆ ನನ್ನ ಹೆಗಲಿಗೇ ಒರಗಿದಳು.

"ಬರಕೋ ಅಕ್ಕಾ, ತಂಗಿ ಮಾತಾಡಿದ್ಲು ಅಂತ. ತಾರೀಖು ಹಾಕು. ಊರು ಚೆನ್ನೈ ಅಂತನ ಬರಿ."